ಗಿರಣಿ ನಿಂತಾಗ ಕೇಳಿಸಿದ ಪೇಟಿ

ಸುರೇಬಾನದಲ್ಲಿ ಇನ್ನೂ ಬೆಳಕು ಹರಿದಿಲ್ಲ. ರಾಮದುರ್ಗದ ಮೊದಲ ಬಸ್ಸಿಗೂ ಇನ್ನಷ್ಟು ಹೊತ್ತಿದೆ. ಹಿಟ್ಟಿನ ಗಿರಣಿಯ ಬಲ್ಬು ಒಮ್ಮೆ ಮಿಣುಕಿ, ಆರಿ, ಮತ್ತೆ ಹತ್ತುತ್ತದೆ. ತ್ರೀಫೇಸ್ ಕರೆಂಟ್ ಬಂತೆಂದು ಅದರ ಅರ್ಥ. ರಾಚವ್ವ ಸೆರಗು ಬಿಗಿದು ಸ್ಟಾರ್ಟರ್ ಒತ್ತುತ್ತಾರೆ. ಮೋಟಾರಿನ ಪಟ್ಟಾ ಎರಡು ಸಲ ಚಟಪಟ ಎಂದು ಓಟಕ್ಕೆ ಬೀಳುತ್ತದೆ. ಗೋಡೆ, ತಗಡು, ಸಾಲಾಗಿಟ್ಟ ಡಬ್ಬಿಗಳು ಎಲ್ಲವೂ ನಡುಗತೊಡಗುತ್ತವೆ. ಮೊದಲು ಬಂದ ಗಿರಾಕಿ ಸೀತವ್ವನ ಜೋಳ ಸುರಿದು, ಬಟ್ಟೆಯ ಕೊಳವೆಯಿಂದ ಇಳಿಯುವ ಬಿಸಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ನುಣ್ಣಗಿದೆ, ರೊಟ್ಟಿ ಹರಿಯುವುದಿಲ್ಲ.

ಆಮೇಲೆ ಅವರು ಮಾಡುವುದನ್ನು ನೋಡಿದರೆ ಯಾರಿಗಾದರೂ ಬೆರಗಾಗಬೇಕು. ಮೂಲೆಯ ಗೋಣಿತಟ್ಟಿನ ಪರದೆ ಸರಿಸಿ, ಹಳೆಯ ಧೋತರ ಹೊದ್ದ ಪೇಟಿಯ ಮುಂದೆ ಕೂರುತ್ತಾರೆ. ಹಾರ್ಮೋನಿಯಂಗೆ ಈ ಸೀಮೆಯಲ್ಲಿ ಪೇಟಿ ಎಂದೇ ಹೆಸರು. ಎಡಗೈ ತಿದಿ ಒತ್ತುತ್ತದೆ, ಬಲಗೈ ಸ್ವರದ ಮನೆಗಳ ಮೇಲೆ ಓಡುತ್ತದೆ. ಎಷ್ಟೇ ಒರೆಸಿದರೂ ಹಿಟ್ಟಿನ ಧೂಳು ಕೂತು ಕಪ್ಪು ಮನೆಗಳೂ ಬೆಳ್ಳಗಾಗಿವೆ. ಮಾರು ದೂರದಲ್ಲಿ ನಿಂತವರಿಗೂ ಒಂದು ಸ್ವರವೂ ಕೇಳಿಸುವುದಿಲ್ಲ. ಎಲ್ಲವನ್ನೂ ಗಿರಣಿ ನುಂಗಿ ನೀರು ಕುಡಿಯುತ್ತದೆ. "ನನಗೂ ಅರ್ಧಾನ ಕೇಳಸ್ತೈತ್ರಿ" ಎನ್ನುತ್ತಾರೆ ರಾಚವ್ವ. "ಉಳದದ್ದು ಬೆರಳಿಗೆ ಗೊತ್ತಾಕ್ಕೈತಿ."

ಅವರ ತವರು ತೊರಗಲ್. ತಂದೆ ಕಾಡಪ್ಪ ಹೊಲ ಮಾಡಿಕೊಂಡು, ಸಂಜೆಯಾದರೆ ಭಜನಾ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದವರು. ಗಂಡುಮಕ್ಕಳು ಪೇಟಿಯ ಹತ್ತಿರ ಸುಳಿಯಲಿಲ್ಲ. ಮಗಳು ಮಾತ್ರ ತೊಡೆಯ ಮೇಲೆ ಕೂತೇ ಸರಿಗಮ ಕಲಿತಳು. ಅಪ್ಪನಿಗೆ ಜ್ವರ ಬಂದ ಸಂಜೆಗಳಲ್ಲಿ ಎರಡು ಜಡೆಯ ಹುಡುಗಿ ಮೇಳದ ನಡುವೆ ಕೂತು ಬಾರಿಸಿದ್ದೂ ಉಂಟು. ಮೇಳದ ಹಿರಿಯರು ಬಾಯಿ ತುಂಬ ಹೊಗಳಿದ್ದೂ ಉಂಟು.

ಮದುವೆಯಾಗಿ ಸುರೇಬಾನದ ವೀರಪ್ಪನವರ ಮನೆ ತುಂಬಿದ ಮೇಲೆ ಅದೆಲ್ಲ ಮುಗಿಯಿತು. ಅತ್ತೆ ರಾಮವ್ವ ಕೆಟ್ಟವರಲ್ಲ, ಆದರೆ ಆಡಿದ ಮಾತು ಆಡಿದ್ದೇ. ಹಸಿರು ಬಳೆಯ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು: "ನೋಡವ್ವಾ, ಗಂಡಸರ ನಡಕ ಕುಂತು ಪೇಟಿ ಬಾರ್ಸೂದು ನಮ್ಮ ಮನ್ಯಾಗ ನಡ್ಯಂಗಿಲ್ಲ." ರಾಚವ್ವ ತಲೆ ಆಡಿಸಿದರು. ಬಾಣಂತನ, ಕಳೆ, ಕೊಯ್ಲು ಎನ್ನುತ್ತ ವರ್ಷಗಳು ಉರುಳಿದವು. ವೀರಪ್ಪ ಗಿರಣಿ ಹಾಕಿಸಿದಾಗ ಅದೂ ಇವರ ಕೊರಳಿಗೇ ಬಿತ್ತು. ಈಗ ದಿನಕ್ಕೆ ನಾಲ್ಕೈದು ಚೀಲ ಕಾಳು ಅವರ ಕೈಯಿಂದಲೇ ಹಿಟ್ಟಾಗುತ್ತದೆ. ಗಿರಣಿಯ ಬೀಸುವ ಕಲ್ಲು ಮೊಂಡಾದರೆ ಉಳಿ ಹಿಡಿದು ಅದನ್ನು ಹರಿತ ಮಾಡುವವರೂ ಅವರೇ. ಅಂಗೈ ಮುಟ್ಟಿ ನೋಡಿದರೆ ಪೇಟಿ ಬಾರಿಸುವವರ ಕೈ ಎಂದು ಯಾರೂ ನಂಬಲಾರರು.

ತೊಂಬತ್ತೆಂಟರಲ್ಲಿ ಕಾಡಪ್ಪ ತೀರಿಕೊಂಡರು. ಅಟ್ಟದ ಮೇಲಿದ್ದ ಪೇಟಿಯನ್ನು ಅಣ್ಣ ಬಸ್ಸಿನಲ್ಲಿ ತಂದು ಇಳಿಸಿ ಹೋದ. ತಿದಿಯನ್ನು ಇಲಿ ಕಡಿದಿತ್ತು. ಮನೆಯಲ್ಲಿ ಜಾಗವಿಲ್ಲ, ಗಿರಣಿಯಲ್ಲಿಡು ಎಂದರು ರಾಮವ್ವ. ರಾಚವ್ವ ಗೋಧಿ ಹಿಟ್ಟಿನ ಅಂಟು ಕಾಸಿ, ಹಳೆಯ ಕುಪ್ಪಸದ ಅರಿವೆ ಹಚ್ಚಿ ತಿದಿಯ ತೂತು ಮುಚ್ಚಿದರು. ಬಾರಿಸಬೇಕೆಂಬ ಆಸೆಯಿಂದಲ್ಲ, ಅಪ್ಪನ ವಸ್ತು ಹಾಳಾಗಬಾರದೆಂದು.

ಅಂಟು ಒಣಗಿದ ದಿನ ಗಿರಣಿ ಓಡುತ್ತಿತ್ತು. ಜೀವ ಇದೆಯೋ ಇಲ್ಲವೋ ನೋಡೋಣವೆಂದು ಒಂದು ಮನೆ ಒತ್ತಿದರು. ಅಪ್ಪ ಯಾವಾಗಲೂ ಮೇಳಕ್ಕೆ ಶ್ರುತಿ ಕೊಡುತ್ತಿದ್ದ ಬಿಳಿ ಐದು, ಅಂದರೆ ಐದನೆಯ ಬಿಳಿ ಮನೆ. ಸದ್ದೇ ಇಲ್ಲ. ಸತ್ತಿದೆ ಎಂದುಕೊಂಡು ಪಕ್ಕದ ಮನೆ ಒತ್ತಿದರೆ ಅದು ಮೋಟಾರಿನ ಸದ್ದಿಗೆ ತಾಕಿ ಕರಕರ ಎಂದಿತು. ಮತ್ತೆ ಬಿಳಿ ಐದಕ್ಕೆ ಬಂದರು. ಬೆರಳಡಿ ಸಣ್ಣಗೆ ನಡುಕವಿದೆ, ಸದ್ದು ಮಾತ್ರ ಇಲ್ಲ. ಪೇಟಿ ಸತ್ತಿರಲಿಲ್ಲ. ಇಷ್ಟು ವರ್ಷ ಅವರ ತಲೆ ಕೊರೆದಿದ್ದ ಮೋಟಾರು ಅಪ್ಪನ ಸ್ವರದಲ್ಲೇ ಗುಂಯ್‌ಗುಡುತ್ತಿತ್ತು.

"ಸುರ ಕೂಡಿತಂದ್ರ ಎರಡು ಕೇಳಬಾರ್ದು, ಒಂದ ಕೇಳಬೇಕು ಅಂತಿದ್ರು ನಮ್ಮಪ್ಪ" ಎನ್ನುತ್ತಾರೆ ರಾಚವ್ವ. "ಅವತ್ತ ಮೈ ಜುಮ್ಮಂತು. ಅಪ್ಪನ ಸುರ ಹಿಡದು ಬಾ ಅಂತ ಕರದಂಗಾತು."

ಅಂದಿನಿಂದ ಬೆಳಗಿನ ಗಿರಣಿ ಅವರ ಪಾಠಶಾಲೆ. ಕೈ ಮಾತು ಕೇಳಬೇಕಲ್ಲ? ಬೆರಳು ಮರಗಟ್ಟಿದ್ದವು. ಚಿಕ್ಕ ಮಕ್ಕಳಂತೆ ಸರಿಗ, ರಿಗಮದಿಂದ ಶುರು ಮಾಡಿದರು. ಭೈರವ ರಾಗದ ಆಲಾಪ ಮತ್ತೆ ಕೈಗೆ ಹತ್ತಲು ಎರಡು ಸುಗ್ಗಿ ಹಿಡಿದವು. ಕಾಳು ತೀರುತ್ತ ಬಂದರೆ ಮೋಟಾರಿನ ಸ್ವರ ಏರುತ್ತದೆ. ಆಗ ಎದ್ದು ಮುಂದಿನ ಡಬ್ಬಿ ಸುರಿದು ಮತ್ತೆ ಬಂದು ಕೂರುತ್ತಾರೆ. ಅತ್ತೆಗೆ ಕೊಟ್ಟ ಮಾತು ಮುರಿದಂತಾಗಲಿಲ್ಲವೇ ಎಂದರೆ ಕಳ್ಳ ನಗೆ ನಗುತ್ತಾರೆ. "ಮನ್ಯಾಗ ಬ್ಯಾಡ ಅಂದಿದ್ರು. ಗಿರಣ್ಯಾಗ ಅಂದಿದ್ದಿಲ್ರಿ."

ಗುಟ್ಟು ಒಡೆದದ್ದು ಹೋದ ಶ್ರಾವಣದಲ್ಲಿ. ಬಾಗಿಲಲ್ಲಿ ಹಿಟ್ಟಿಗೆ ಕಾದವರ ಸಾಲು ಉದ್ದವಿತ್ತು. ಚಹಾದ ಕಿಟಲಿ ಹಿಡಿದು ರಾಮವ್ವನೂ ಆಗಷ್ಟೇ ಬಂದಿದ್ದರು. ಇದ್ದಕ್ಕಿದ್ದಂತೆ ಕರೆಂಟ್ ಹೋಯಿತು. ಪಟ್ಟಾ ಸಡಿಲಾಗಿ ಕಲ್ಲು ನಿಧಾನಿಸುತ್ತ ಹೋಯಿತು. ಅದು ಇಳಿದಂತೆಲ್ಲ ಪೇಟಿ ಮೇಲೆದ್ದಿತು. ರಾಚವ್ವನಿಗೆ ತಿಳಿಯಲಿಲ್ಲವೆಂದಲ್ಲ. ಕರೆಂಟ್ ಹೋದಾಗಲೆಲ್ಲ ತಟ್ಟನೆ ನಿಲ್ಲುತ್ತಿದ್ದ ಕೈ ಅಂದು ಆಲಾಪದ ನಡುವೆ ನಿಲ್ಲಲು ಒಪ್ಪಲಿಲ್ಲ.

"ಎವ್ವಾ, ಕರೆಂಟ್ ಇಲ್ದ ಮೋಟಾರ ಅಳಾಕ ಹತ್ತೈತಲ್ಲ" ಎಂದು ಸೀತವ್ವ ಹಿಂದೆ ಸರಿದರು. ಊರ ಭಜನಾ ಮೇಳದ ಅಂದಾನೆಪ್ಪ ಬಾಯಿ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದರು. ಒಳಗೆ ಬಂದು ಪರದೆ ಸರಿಸಿದವರು ರಾಮವ್ವ. ಸೊಸೆಯ ಕೈ ಅಲ್ಲೇ ನಿಂತಿತು. ಈ ಪೇಟಿ ಇವತ್ತೇ ಅಟ್ಟ ಸೇರುತ್ತದೆ ಎಂದುಕೊಂಡರಂತೆ ರಾಚವ್ವ. ಮುದುಕಿ ಸೊಸೆಯ ಮುಖ ನೋಡಿದರು, ಹಿಟ್ಟು ಮೆತ್ತಿದ ಮನೆಗಳನ್ನು ನೋಡಿದರು.

"ಕರೆಂಟ್ ಬರೂತನಕ ಬಾರ್ಸು" ಎಂದರು.

ಅಂದಿನಿಂದ ಅದೇ ಕಾಯಿದೆ. ಕರೆಂಟ್ ಹೋದರೆ ಊರೆಲ್ಲ ಬೈಯುತ್ತದೆ, ಗಿರಣಿಯ ಬಾಗಿಲಲ್ಲಿ ಮಾತ್ರ ಯಾರೂ ಮನೆಗೆ ಹೋಗುವುದಿಲ್ಲ. ಬಲ್ಬು ಹತ್ತಿದ ಕ್ಷಣ ರಾಚವ್ವ ಕೈ ತೆಗೆದು ಸ್ಟಾರ್ಟರ್ ಕಡೆ ನಡೆಯುತ್ತಾರೆ, ಆಲಾಪ ಎಲ್ಲಿದ್ದರೂ ಸರಿ. ಮೇಳಕ್ಕೆ ಬಾ ಎಂದು ಅಂದಾನೆಪ್ಪ ಕರೆಯುತ್ತಲೇ ಇದ್ದಾರೆ. ಇವರು ಹೋಗಿಲ್ಲ. ಆಸೆ ಏನೆಂದು ಕೇಳಿದರೆ ಪೇಟಿಯ ಮೇಲಿನ ಹಿಟ್ಟು ಒರೆಸುತ್ತ ಹೇಳುತ್ತಾರೆ. "ಮ್ಯಾಳ ಗೀಳ ಏನೂ ಬ್ಯಾಡ್ರಿ. ಅರ್ಧಕ್ಕ ಬಿಡದ, ಒಮ್ಮೆ ಪೂರಾ ಬಾರ್ಸಬೇಕು. ಅತ್ತಿ ಕೇಳ್ತಿರಬೇಕು."

ಮಾತು ಮುಗಿಯುವಷ್ಟರಲ್ಲಿ ಇವತ್ತೂ ಕರೆಂಟ್ ಹೋಗುತ್ತದೆ. ಕಲ್ಲು ನಿಲ್ಲುತ್ತದೆ. ಸಾಲಿನಲ್ಲಿದ್ದವರು ಡಬ್ಬಿಗಳ ಮೇಲೆಯೇ ಕೂರುತ್ತಾರೆ. ರಾಮವ್ವ ಹೊಸ್ತಿಲ ಬಳಿ ಕಿಟಲಿ ಇಟ್ಟು ಗೋಡೆಗೆ ಒರಗುತ್ತಾರೆ. ಭೈರವ ಮೆಲ್ಲಗೆ ಏಳುತ್ತದೆ, ತಗಡಿನ ಗಿರಣಿ ಗುಡಿಯಷ್ಟು ತಣ್ಣಗಾಗುತ್ತದೆ. ಹೊರಗೆ ಬೆಳಕು ಹರಿಯುತ್ತಿದೆ. ಸ್ವರ ಮೇಲಿನ ಷಡ್ಜದತ್ತ ಏರುತ್ತಿರುವಾಗಲೇ ಬಲ್ಬು ಮಿಣುಕಿ ಹತ್ತುತ್ತದೆ. ರಾಚವ್ವನ ಬಲಗೈ ಮನೆಗಳ ಮೇಲಿಂದ ಏಳುತ್ತದೆ.

"ಬಂದ್ರ ಬರ್ಲಿ ಬಿಡು" ಎನ್ನುತ್ತಾರೆ ರಾಮವ್ವ, ಕಣ್ಣು ತೆರೆಯದೆ. "ಪೂರಾ ಮಾಡು."

ಸ್ಟಾರ್ಟರ್ ಕಡೆ ಯಾರೂ ಹೋಗುವುದಿಲ್ಲ. ರಾಚವ್ವ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾರೆ, ರೆಪ್ಪೆಗೂ ಹಿಟ್ಟು ಮೆತ್ತುತ್ತದೆ. ಆಮೇಲೆ ಸಾಲಿನ ಕಡೆ ತಿರುಗಿ ಹೇಳುತ್ತಾರೆ:

"ಇವತ್ತ ರೊಟ್ಟಿ ತಡಾ ಆಕ್ಕಾವ್ರಿ."