ಟಗರಿನ ಕಂಬಳಿ

ನಾನು ಪಿಎಚ್‌ಡಿಗೆ ಸೇರಿದ ಮೇಲೆ ನಮ್ಮವ್ವನಿಗೆ ಒಂದೇ ಸಂಕಟ. ಮಗಳು ಏನು ಓದುತ್ತಾಳೆ ಎಂದು ಊರವರು ಕೇಳಿದರೆ ಏನು ಹೇಳುವುದು? ನನ್ನ ವಿಷಯ ವೀರ್ಯಾಣು. ಅದರ ಬಾಲ ಹೇಗೆ ಆಡುತ್ತದೆ, ಆಡುವ ಕಸುವು ಎಲ್ಲಿಂದ ಬರುತ್ತದೆ, ಕಾವು ಹೆಚ್ಚಾದರೆ ಯಾಕೆ ನಿಂತುಹೋಗುತ್ತದೆ, ಇಷ್ಟೇ. ಕುಂದಗೋಳದ ಸಂತೆಯಲ್ಲಿ ನಿಂತು ಇದನ್ನು ಹೇಳಲು ಅವ್ವನಿಗೆ ಬಾಯಿ ಬರಲಿಲ್ಲ. "ಯಾವುದೋ ಸಣ್ಣ ಹುಳದ ಬಗ್ಗೆ ಓದಾಕತ್ತಾಳ್ರಿ" ಎಂದುಬಿಟ್ಟಳು. ಅಂದಿನಿಂದ ನಾನು ಧಾರವಾಡದಿಂದ ಊರಿಗೆ ಬಂದರೆ ಸಾಕು, ಯಾರಾದರೂ ಹುಳ ಬಿದ್ದ ಹತ್ತಿಕಾಯಿ ಹಿಡಿದು ಕಟ್ಟೆಗೆ ಬಂದು ಕೂಡುತ್ತಿದ್ದರು. ನಾನೂ ತಿರುಗಿಸಿ ಮುರುಗಿಸಿ ನೋಡಿ, ಔಷಧದ ಅಂಗಡಿಯಲ್ಲಿ ಕೇಳಿ ಎಂದು ಕಳಿಸುತ್ತಿದ್ದೆ.

ಮನೆಯಲ್ಲಿ ಇದ್ದದ್ದು ಅವ್ವ, ಅಣ್ಣ, ಅಣ್ಣನ ಹೆಂಡತಿ ವೈನಿ. ಅಣ್ಣನ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ವೈನಿ ಹುಬ್ಬಳ್ಳಿಗೆ ಹೋಗಿ ಎಲ್ಲ ಪರೀಕ್ಷೆ ಮಾಡಿಸಿಕೊಂಡಿದ್ದಳು. ನಿಮ್ಮಲ್ಲಿ ದೋಷವಿಲ್ಲ, ಯಜಮಾನರನ್ನು ಕರೆದುಕೊಂಡು ಬನ್ನಿ ಎಂದಿದ್ದರು ಡಾಕ್ಟರು. ಯಜಮಾನರು ಮೀಸೆ ತಿರುವಿ, "ನನಗೇನಾಗೈತಿ? ಎರಡು ಚೀಲ ಜ್ವಾಳ ಒಮ್ಮೆಗೇ ಎತ್ತತೀನಿ" ಎಂದರು. ಜೋಳದ ಚೀಲಕ್ಕೂ ಅದಕ್ಕೂ ಏನು ಸಂಬಂಧವೋ ಶಿವನೇ ಬಲ್ಲ.

ನಮ್ಮ ಕಡೆ ಕುಬಸದ ದಿನ ಬಸುರಿಯ ಉಡಿ ತುಂಬಿದ ಮೇಲೆ, ಬಂದ ಮುತ್ತೈದೆಯರಿಗೂ ಸೆರಗಿನಲ್ಲಿ ಅಕ್ಕಿ, ಕಾಯಿ, ಖಣ ಹಾಕಿ ಉಡಿ ತುಂಬುತ್ತಾರೆ. ವೈನಿಯ ಮುಂದೆ ಬಂದಾಗ ತಟ್ಟೆ ಮಾತಿಲ್ಲದೆ ಬಾಜೂದವಳ ಕಡೆ ಸರಿಯುತ್ತಿತ್ತು. ಅವ್ವನೂ ಸರಿಸುತ್ತಿದ್ದಳು. ಅಂಥ ದಿನ ಮನೆಗೆ ಬಂದ ವೈನಿ ರೊಟ್ಟಿ ಬಡಿಯುವ ಸದ್ದು ಬೀದಿಗೆ ಕೇಳಿಸುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಣ್ಣನ ಜೀವವೆಲ್ಲ ಅವನ ಟಗರಿನ ಮೇಲೆ. ಕಾಳಗಕ್ಕೆ ಸಾಕಿದ್ದು. ಅದಕ್ಕೆ ಹಾಲು, ತತ್ತಿ, ಹುರುಳಿ, ತಗಡಿನ ಶೆಡ್ಡು. ದೃಷ್ಟಿ ತಾಗಬಾರದು, ಗಾಳಿ ಹತ್ತಬಾರದು ಎಂದು ಸುಡು ಬೇಸಿಗೆಯಲ್ಲೂ ಮೈಮೇಲೆ ಕರಿ ಕಂಬಳಿ. ಮನೆಯ ಎಂಟು ಕುರಿಗೂ ಅದೇ ಗಂಡ. ಆ ವರ್ಷ ಒಂದು ಕುರಿಯೂ ಗಬ್ಬವಾಗಲಿಲ್ಲ.

"ಬಂಜಿ ಅದಾವ. ಸಂತ್ಯಾಗ ಮಾರಿ ಬಾ," ಎಂದಳು ಅವ್ವ. ಅಲ್ಲೇ ಅಂಗಳ ಗುಡಿಸುತ್ತಿದ್ದ ವೈನಿಯ ಕಸಬರಿಗೆ ನಿಂತಿತು.

"ತಡಿ ಬೇ ಅವ್ವಾ! ಟಗರಿನ್ನ ಒಬ್ಬರಾದರೂ ಕೇಳೀರೇನು?" ಎಂದು ನಾನು ಒದರಿದೆ.

ಮುಂದಿನ ವಾರವೇ ಗೈಡನ್ನು ಕೇಳಿ, ಮೊಬೈಲಿಗೆ ಜೋಡಿಸುವ ಸಣ್ಣ ಸೂಕ್ಷ್ಮದರ್ಶಕ ತಂದೆ. ಟಗರಿನಿಂದ ಸ್ಯಾಂಪಲ್ ತೆಗೆಯುವುದು ಲ್ಯಾಬಿನಲ್ಲಿ ನನಗೆ ದಿನದ ಕೆಲಸ. ಅಣ್ಣ ಮಾತ್ರ ನಾಚಿ ಗೋಡೆಗೆ ಮುಖ ಮಾಡಿ ನಿಂತ. ಬಾಜು ಮನೆಯ ಬಡಕಲು ಟಗರಿನದನ್ನೂ ತೆಗೆದೆ. ಮೊಬೈಲಿನಲ್ಲಿ ಬಡಕಲಿನದು ಕುದಿಯುವ ಅಂಬಲಿಯಂತೆ ಗಿಜಿಗುಡುತ್ತಿತ್ತು. ನಮ್ಮ ಪೈಲ್ವಾನನದರಲ್ಲಿ ಅಲ್ಲೊಂದು ಇಲ್ಲೊಂದು ಮಿಸುಕುತ್ತಿತ್ತು, ಉಳಿದವು ಬಾಲ ಮಡಚಿಕೊಂಡು ಬಿದ್ದಿದ್ದವು.

"ಸತ್ತಾವೇನ?" ಅಣ್ಣನ ದನಿ ಇಳಿದಿತ್ತು.

"ಕಾವಿಗೆ ಸತ್ತಾವ. ಬೀಜ ಮೈಯಿಂದ ಹೊರಗ ಜೋತಾಡೂದು ತಂಪಿರಲಿ ಅಂತ. ನೀ ತಗಡಿನ ಕೆಳಗ ಕಂಬಳಿ ಹೊಚ್ಚಿ ಬೇಯಿಸಿಟ್ಟಿ."

"ಆದರ ಎಲ್ಲಾ ಕಾಳಗ ಗೆದ್ದೈತಲ್ಲ!"

"ಕೊಂಬಿಗೂ ಇದಕ್ಕೂ ಏನು ಸಂಬಂಧ? ಜ್ವಾಳದ ಚೀಲಕ್ಕೂ ಏನು ಸಂಬಂಧ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಣ್ಣ ಹೋಗಿ ಕಂಬಳಿ ತೆಗೆದ, ಟಗರಿನ ಉಣ್ಣೆ ಕತ್ತರಿಸಿದ, ಅದನ್ನು ಬೇವಿನ ಮರದ ಕೆಳಗೆ ಕಟ್ಟಿದ. ಕುರಿಗಳನ್ನು ಮಾರಲಿಲ್ಲ. ಎರಡು ತಿಂಗಳು ಬಿಟ್ಟು ನೋಡಿದರೆ ಪೈಲ್ವಾನನದೂ ಗಿಜಿಗಿಜಿ! ವೈನಿ ಮೊಬೈಲ್ ಕಸಿದುಕೊಂಡು ಕಣ್ಣಿಗೆ ಹಿಡಿದು, "ಅಯ್ಯ ಶಿವನ, ಏನ್ ಓಡತಾವ್ರೀ!" ಎಂದು ನಕ್ಕಳು.

ಅದಾಗಿ ಒಂದು ವಾರಕ್ಕೆ ಅಣ್ಣ ಧಾರವಾಡದ ನನ್ನ ಹಾಸ್ಟೆಲಿನ ಗೇಟಿನಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮುಖ ಮಾತ್ರ ಬೆವರಿತ್ತು. "ಲೇ ತಂಗಿ, ಆ ಪರೀಕ್ಷಾ ಎಲ್ಲಿ ಮಾಡತಾರ, ನಡಿ" ಎಂದ. ಫಲಿತಾಂಶ ಬಂದಾಗ ಸಂಖ್ಯೆ ಕಡಿಮೆಯಿತ್ತು, ಓಟವೂ ಕಡಿಮೆ. ಚಿಕಿತ್ಸೆ ಇದೆ, ಭರವಸೆಯೂ ಇದೆ, ಆದರೆ ಹೊತ್ತು ಹಿಡಿಯುತ್ತದೆ ಎಂದರು ಡಾಕ್ಟರು. ಬಸ್ಸಿಗೆ ಹತ್ತುವಾಗ ಅಣ್ಣ, "ಅವ್ವಗ ಹೇಳಬ್ಯಾಡ" ಎಂದ. ಹಾಗಾದರೆ ತಟ್ಟೆ ಸರಿಯುವುದು ತಪ್ಪುವುದಿಲ್ಲ ಎಂದು ನನಗೆ ಅಳು ಬಂತು, ಸಿಟ್ಟೂ ಬಂತು. ಆದರೂ ಹೇಳಲಿಲ್ಲ.

ಆ ಶ್ರಾವಣ ಮುಗಿದ ಮೇಲೆ ಚಿಕ್ಕಪ್ಪನ ಮಗಳ ಕುಬಸ ನಮ್ಮ ಮನೆಯಲ್ಲೇ ಆಯಿತು. ಪಡಸಾಲೆ ತುಂಬ ಹೆಂಗಸರು. ಅವ್ವ ತಟ್ಟೆ ಹಿಡಿದು ಒಬ್ಬೊಬ್ಬರ ಉಡಿ ತುಂಬುತ್ತ ಬಂದಳು. ವೈನಿಯನ್ನು ದಾಟಿದಳು. ಬಾಗಿಲಲ್ಲಿ ಅಕ್ಕಿಯ ಬುಟ್ಟಿ ಹೊತ್ತು ನಿಂತಿದ್ದ ಅಣ್ಣ ಅದನ್ನು ಧೊಪ್ಪನೆ ಇಳಿಸಿದ.

"ಅವ್ವಾ, ಆಕೀನ್ನ ಯಾಕ ದಾಟಿದಿ? ಕಮ್ಮಿ ಇರೂದು ನನ್ನಾಗ. ಡಾಕ್ಟರಿಗೆ ತೋರಿಸೇನಿ, ಔಷಧ ತಗೋಳಾಕತ್ತೇನಿ. ಆಕಿ ಉಡಿ ತುಂಬು."

ಅವ್ವ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಆಮೇಲೆ ತಟ್ಟೆ ಕೆಳಗಿಟ್ಟು ಬುಟ್ಟಿಯನ್ನೇ ಎಳೆದುಕೊಂಡಳು.

"ಒಡ್ಡ ಬೇ ಸೆರಗ."

ವೈನಿ ಒಡ್ಡಿದಳು. ಅವ್ವ ಬೊಗಸೆಯ ಮೇಲೆ ಬೊಗಸೆ ಹಾಕಿದಳು. ಪದ್ಧತಿಯಂತೆ ಐದಕ್ಕೆ ನಿಲ್ಲಿಸಬೇಕು, ನಿಲ್ಲಿಸಲಿಲ್ಲ.

"ಸಾಕ್ರೀ ಅತ್ತಿ, ಸೆರಗ ಹರೀತೈತಿ," ಎಂದಳು ವೈನಿ, ಅಳುತ್ತ, ನಗುತ್ತ.

"ಹರೀಲಿ," ಎಂದಳು ಅವ್ವ. "ಆರು ವರ್ಷದ್ದು ಐತಿ. ಹಿಡಿ."