ಜಾಹೀರಾತಿನವನು ಸುದ್ದಿಗೆ ಬಂದ ದಿನ

ತರೀಕೆರೆಯಿಂದ ಹೊರಡುವ ‘ತಾಲ್ಲೂಕು ದನಿ’ ವಾರಪತ್ರಿಕೆಗೆ ಅಜ್ಜಂಪುರದ ಸುದ್ದಿ ಬರೆಯುವವನೂ ಮೃತ್ಯುಂಜಯನೇ, ಜಾಹೀರಾತು ತರುವವನೂ ಅವನೇ. ಸುದ್ದಿಯಿಂದ ಸಿಗುವುದು ನಮಸ್ಕಾರ. ಮನೆ ನಡೆಯುವುದು ಜಾಹೀರಾತಿನ ಕಮಿಷನ್ನಿನಿಂದ. ಹತ್ತೊಂಬತ್ತು ವರ್ಷಗಳಿಂದ ಯಾವ ಅಂಗಡಿಗೆ ಹೋದರೂ ಅವನನ್ನು ಮೊದಲು ಕೇಳುತ್ತಿದ್ದುದು, “ಈಗ ಯಾವ ಹಬ್ಬಕ್ಕಪ್ಪಾ?” ಎಂದು.

ಕುತೂಹಲ ಅವನಿಗೆ ಹುಟ್ಟಿದಾಗಲೇ ಅಂಟಿದ ಕಾಯಿಲೆ. ಯಾರೋ ರಸ್ತೆ ಅಗೆದರೆ ಗುಂಡಿಯೊಳಗೆ ಇಣುಕದೆ ಮುಂದೆ ಹೋದವನಲ್ಲ. ದೀಪಾವಳಿ ಹತ್ತಿರವಿದ್ದಾಗ, ಸ್ಟೇಷನ್ ರಸ್ತೆಯ ತೀರ್ಥಪ್ಪನ ಕುಡಿಯುವ ನೀರಿನ ಘಟಕದ ಮುಂದೆ ಹಾಯುವಾಗ ಅವನ ಕಿವಿಗೆ ಏನೋ ಕಮ್ಮಿ ಎನಿಸಿತು. ನೀರು ಶುದ್ಧ ಮಾಡುವ ಮಿಷನ್ನಿನ ಗುಂಯ್ ಸದ್ದೇ ಇಲ್ಲ. ಕ್ಯಾನುಗಳು ಮಾತ್ರ ಹಿತ್ತಲ ನಲ್ಲಿಯಲ್ಲಿ ತುಂಬಿಕೊಂಡು ಆಟೋ ಹತ್ತುತ್ತಿವೆ. ಮೂರು ದಿನ ನೋಡಿದ. ನಾಲ್ಕನೇ ದಿನ ಒಳಗೆ ನುಗ್ಗಿದ.

“ಬಾರಪ್ಪ, ದೀಪಾವಳಿಗಾ?” ಎಂದ ತೀರ್ಥಪ್ಪ. “ಅರ್ಧ ಪುಟ ಹಾಕ್ಕೋ. ಹೋದ್ಸಲ ನನ್ ಫೋಟೋ ಇದ್ಲಿನಂಗೆ ಬಂದಿತ್ತು.”

“ಮಿಷನ್ ಯಾಕಣ್ಣ ಸುಮ್ನಿದೆ?”

“ಕೆಟ್ಟು ತಿಂಗಳಾಯ್ತು ಕಣೋ. ನಲ್ಲಿ ನೀರೇ ಹಿಡ್ದು ಕಳಿಸ್ತಿದೀನಿ. ನೀನು ‘ನೂರಕ್ಕೆ ನೂರು ಶುದ್ಧ’ ಅಂತ ದಪ್ಪಕ್ಷರದಲ್ಲಿ ಹಾಕು.”

ಇಷ್ಟು ಸಲೀಸಾಗಿ ಯಾವ ಸುದ್ದಿಯೂ ಮೃತ್ಯುಂಜಯನ ಕೈಗೆ ಸಿಕ್ಕಿರಲಿಲ್ಲ. ಆದರೆ ತೀರ್ಥಪ್ಪ ಹೇಳಿದ್ದು ಜಾಹೀರಾತಿನವನಿಗೆ. ಸುಮ್ಮನೆ ಎದ್ದು ಹೋಗಿ ಬರೆದರೆ ಮೋಸ. ಬರೆಯದೆ ಅರ್ಧ ಪುಟ ತಗೊಂಡರೆ ಅದಕ್ಕಿಂತ ದೊಡ್ಡ ಮೋಸ.

“ಅಣ್ಣ, ನಾನಿವತ್ತು ಸುದ್ದಿಗೆ ಬಂದಿರೋದು.”

“ನೀನಾ? ಸುದ್ದಿಗಾ?” ತೀರ್ಥಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಇವನು ನಗಲಿಲ್ಲ. ಆಗ ಅವನ ನಗುವೂ ನಿಂತಿತು. “ಹಾಕ್ನೋಡು, ಕಳ್ ನನ್ಮಗನೆ! ನಾನೂ ಕೊಡಲ್ಲ, ಈ ಬೀದೀಲಿ ಯಾರೂ ನಿಮಗೆ ಜಾಹೀರಾತು ಕೊಡದಂಗೆ ಮಾಡ್ತೀನಿ.”

ಮೃತ್ಯುಂಜಯ ಬಸ್ಸು ಹಿಡಿದು ತರೀಕೆರೆಗೆ ಹೋದ. ಸಂಪಾದಕಿ ತ್ರಿವೇಣಿ ಅವನ ಬರಹವನ್ನು ಎರಡು ಸಲ ಓದಿದರು.

“ಕ್ಯಾನ್ ತುಂಬೋದು ನೀವೇ ನೋಡಿದ್ರಾ?”

“ಮೂರ್ ದಿನ, ಮೇಡಂ. ಅವ್ರೂ ಒಪ್ಪಿದಾರೆ. ಬೈದಿದ್ದನ್ನೂ ಬರ್ದಿದೀನಿ.”

“ಬೈಗುಳ ತೆಗೀರಿ. ಮಿಷನ್ ಯಾವಾಗ ರಿಪೇರಿ ಮಾಡಿಸ್ತಾರಂತೆ?”

ಊರಿನ ಗುಂಡಿಗಳಿಗೆಲ್ಲ ಇಣುಕಿದವನು ಅದೊಂದನ್ನು ಕೇಳಲು ಮರೆತಿದ್ದ. ಅಲ್ಲಿಂದಲೇ ಫೋನ್ ಮಾಡಿದ. “ನಿಮ್ಮಪ್ಪನ್ನ ಕೇಳು!” ಎಂದು ತೀರ್ಥಪ್ಪ ಇಟ್ಟುಬಿಟ್ಟ. ‘ಉತ್ತರ ನೀಡಲಿಲ್ಲ’ ಎಂದು ತ್ರಿವೇಣಿ ಬರೆದುಕೊಂಡರು.

“ಇನ್ಮೇಲೆ ಜಾಹೀರಾತಿಗೆ ಬೇರೆಯವರು ಹೋಗ್ಲಿ. ನಿಮಗೆ ಸಂಬಳ ಕೊಡ್ತೀನಿ. ಜಾಸ್ತಿ ಇರಲ್ಲ.”

ಗುರುವಾರ ಸುದ್ದಿ ಬಂತು. ತೀರ್ಥಪ್ಪನ ಜಾಹೀರಾತು ಬರಲಿಲ್ಲ. ಪಕ್ಕದ ಮೂರು ಅಂಗಡಿಗಳದ್ದೂ ಇಲ್ಲ. ಶನಿವಾರ ಶಿವಮೊಗ್ಗದಿಂದ ಮೆಕ್ಯಾನಿಕ್ ಬಂದು ಮಿಷನ್ ಬಿಚ್ಚಿದ. ಮೃತ್ಯುಂಜಯ ಬಾಗಿಲಲ್ಲಿ ನಿಂತು, ಒಳಗೆ ಏನು ಕೆಟ್ಟಿತ್ತು ಎಂದು ಅವನನ್ನು ಕೇಳುತ್ತಿದ್ದ.

“ಹೇಳ್ಬೇಡ ಕಣಯ್ಯಾ ಅವನಿಗೆ!” ಎಂದು ತೀರ್ಥಪ್ಪ ಕೂಗುತ್ತಿದ್ದ.