ಕೆರೆಯಂಗಳದ ಆರನೇ ಕ್ಲಾಸು

ಐ.ಡಿ.ಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಟ್ಟಿಯ ಸರ್ಕಾರಿ ಶಾಲೆಯಲ್ಲಿ ಪಟಾಲಮ್ಮ ಬಿಸಿಯೂಟದ ಅಡುಗೆಯವರು. ಆ ಶಾಲೆ ಐದನೇ ತರಗತಿಗೆ ಮುಗಿಯುತ್ತದೆ. ಒಂದು ಕೋಣೆ, ಒಬ್ಬರು ಮೇಷ್ಟ್ರು, ಬೆರಳಲ್ಲಿ ಎಣಿಸುವಷ್ಟು ಮಕ್ಕಳು. ಹೋದ ವರ್ಷ ಐದನೇ ತರಗತಿಯಲ್ಲಿದ್ದವಳು ಧನುಶ್ರೀ ಒಬ್ಬಳೇ. ಒಂದನೇ ತರಗತಿಯಿಂದಲೂ ಒಬ್ಬಳೇ.

"ಫಸ್ಟೂ ನಾನೇ, ಲಾಸ್ಟೂ ನಾನೇ ಅಜ್ಜಿ," ಎಂದು ಪಟಾಲಮ್ಮನಿಗೆ ಹೇಳುತ್ತಿದ್ದಳಂತೆ.

ನಗಬೇಡಿ. ಐದು ವರ್ಷ ಒಂದು ಮಗುವಿಗೆ ವಾರಿಗೆಯ ಗೆಳತಿಯೊಬ್ಬಳು ಸಿಗಲಿಲ್ಲ.

ಏಪ್ರಿಲ್‌ನಲ್ಲಿ ಅವಳ ತಾಯಿ ಮಂಜಮ್ಮ ಹೋಬಳಿಯ ದೊಡ್ಡ ಶಾಲೆಗೆ ಸೇರಿಸಲು ಕರೆದುಕೊಂಡು ಹೋದಳು. ಬೆಂಚುಗಳ ತುಂಬ ಕೂತ ಮಕ್ಕಳನ್ನು ಬಾಗಿಲಿಂದಲೇ ನೋಡಿದ ಧನುಶ್ರೀ ಅಮ್ಮನ ಸೆರಗು ಬಿಡಲಿಲ್ಲ. ಮನೆಗೆ ಬಂದು, ನಾನು ಹೋಗಲ್ಲ ಎಂದು ಕೂತಳು. ಮಂಜಮ್ಮ ಬೆಳಕು ಹರಿಯುವ ಮೊದಲೇ ಗಾರ್ಮೆಂಟ್ಸ್ ಬಸ್ಸು ಹತ್ತುವವಳು. ರಮಿಸಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

"ಹೋಗ್ದಿದ್ರೆ ಬುಡ್ಲಿ ಅಕ್ಕಾ. ಕುರಿ ನೋಡ್ಕೊಂಡಿರ್ಲಿ."

"ಬಾಯಿ ಮುಚ್ಚೇ ಮಂಜಿ," ಎಂದರು ಪಟಾಲಮ್ಮ. "ಮಗೀಗೆ ಪಾಠದ ಭಯ ಅಲ್ಲ, ಜನರ ಭಯ. ನಂಗ್ ಬುಡು."

ಮಕ್ಕಳನ್ನು ಆರನೇ ತರಗತಿಗೆ ಸಜ್ಜುಗೊಳಿಸುವುದು ಹೇಗೆಂದು ಶಿಕ್ಷಣ ಇಲಾಖೆಯವರು ಫ್ಯಾನಿನಡಿ ಕೂತು ತರಬೇತಿ ನಡೆಸುತ್ತಾರೆ. ಆ ಗಾಳಿ ಈ ಹಟ್ಟಿಗೆ ಬೀಸಿಲ್ಲ. ರಜೆಯಲ್ಲಿ ಶಾಲೆಯ ಒಲೆ ಆರಿದರೆ ಅಡುಗೆಯವರ ಗೌರವಧನವೂ ನಿಲ್ಲುತ್ತದೆ. ಅದಕ್ಕೇ ಪಟಾಲಮ್ಮ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತಲು ಹೋಗುತ್ತಾರೆ. ಈ ಸಲ ಧನುಶ್ರೀಯನ್ನೂ ಕರೆದುಕೊಂಡು ಹೋದರು. ಮಧ್ಯಾಹ್ನ ಬುತ್ತಿ ಉಂಡಾದ ಮೇಲೆ ಹೊಂಗೆ ಮರದಡಿ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿದರು.

"ನೀವೆಲ್ಲ ಆರನೇ ಕ್ಲಾಸು. ಕಿಚಾಯಿಸ್ರಿ, ಒಂಚೂರೂ ಕಡ್ಮೆ ಮಾಡ್ಬ್ಯಾಡ್ರಿ."

ಕೆಲಸದ ಹಾಜರಿ ಹಿಡಿಯುವ ರಂಗೇಶ್ ಮೇಷ್ಟ್ರಾದ. ಒಬ್ಬಾಕೆ ಧನುಶ್ರೀಯ ಜಡೆ ಎಳೆದು, "ಏಳೇ, ಇದು ನನ್ ಜಾಗ!" ಎಂದಳು. ಹುಡುಗಿ ಅತ್ತಳು. ಪಟಾಲಮ್ಮ ಎತ್ತಿಕೊಳ್ಳಲಿಲ್ಲ.

"ಅಳು. ಅತ್ಬುಟ್ಟು ಜಾಗ ಕೇಳು."

ಮೂರ್ನಾಲ್ಕು ದಿನ ಅಳುವೇ. ಆಮೇಲೊಂದು ಮಧ್ಯಾಹ್ನ, "ನಿನ್ ಜಾಗಾನಾ? ಹೆಸ್ರು ಬರ್ದೈತಾ, ತೋರ್ಸು!" ಎಂದುಬಿಟ್ಟಳು. ಕೆರೆಯಂಗಳವೆಲ್ಲ ನಕ್ಕಿತು.

ರಂಗೇಶ್ ಮಗ್ಗಿ ಕೇಳಿದರೆ ಪ್ರಶ್ನೆ ಮುಗಿಯುವುದರೊಳಗೆ ಕೂಗುತ್ತಿದ್ದಳು. ಕೈಯೆತ್ತಿ ಕಾಯುವುದನ್ನು ಅವಳು ಕಲಿತೇ ಇರಲಿಲ್ಲ. ಐದು ವರ್ಷ ಅವಳನ್ನು ಬಿಟ್ಟು ಕೇಳಲು ಇನ್ಯಾರಿದ್ದರು?

"ತಡ್ಕಳೇ ತಾಯಿ," ಎಂದು ಪಟಾಲಮ್ಮ ಅವಳ ಕೈ ಹಿಡಿದು ಮೇಲೆತ್ತುತ್ತಿದ್ದರು. "ಅಲ್ಲಿ ನಿನ್ನೊಬ್ಳನ್ನೇ ಕೇಳಾಕಿಲ್ಲ."

ಜೂನ್ ಬಂತು. ಮಂಜಮ್ಮನಿಗೆ ರಜೆ ಸಿಗಲಿಲ್ಲ, ಪಟಾಲಮ್ಮನೇ ಕರೆದುಕೊಂಡು ಹೋದರು. ಬಿಟ್ಟು ಬರಲು ಮನಸ್ಸಾಗದೆ ಕಿಟಕಿಯ ಹತ್ತಿರ ನಿಂತರು. ಒಳಗೆ ಮೇಷ್ಟ್ರು ಹಾಜರಿ ಕರೆದರು. ಹೆಸರು ಬಂದದ್ದೇ ತಡ, ಧನುಶ್ರೀ ಎದ್ದು ಬೆಂಚು ದಾಟಿ ಮುಂದೆ ಬಂದಳು. ಕೂದಲು ಸರಿಮಾಡಿಕೊಂಡು, ಗದ್ದವೆತ್ತಿ, ನೆಟ್ಟಗೆ ನಿಂತಳು.

"ಏನಮ್ಮಾ?"

"ಫೋಟೋ, ಸಾರ್."

ಹಟ್ಟಿಯ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗದೆ ಕಣ್ಣಲ್ಲೇ ಹಾಜರಿ ಹಾಕುತ್ತಿದ್ದರು. ಖಾತ್ರಿ ಕೆಲಸದಲ್ಲಿ ಹಾಜರಿ ಎಂದರೆ ಹೆಸರು ಕರೆದಾಗ ಮೊಬೈಲಿನ ಮುಂದೆ ಫೋಟೋಗೆ ನಿಲ್ಲುವುದು. ಇಡೀ ಬೇಸಿಗೆ ಅವಳು ಕಂಡ ಹಾಜರಿ ಅದೇ. ಪಟಾಲಮ್ಮ ಎಲ್ಲ ಕಲಿಸಿದ್ದರು, ಇದೊಂದನ್ನು ಮರೆತಿದ್ದರು.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮುಗೀತು, ಇನ್ನು ಓಡಿ ಬರ್ತಾಳೆ ಎಂದು ಪಟಾಲಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು. ಧನುಶ್ರೀ ಬಾಗಿಲ ಕಡೆ ನೋಡಿದಳು. ನಗುವವರನ್ನು ನೋಡಿದಳು.

"ನಗ್ರಿ, ನಗ್ರಿ. ನಮ್ ಕೆರೇಲಿ ಇನ್ನೂ ಜೋರಾಗ್ ನಗ್ತಾರೆ," ಎಂದು ಹೋಗಿ ಕೂತಳು.

ಪಕ್ಕದ ಹುಡುಗಿ ಸರಿದು ಜಾಗ ಕೊಟ್ಟು ಪಿಸುಗುಟ್ಟಿದಳು: "ಯಾವ್ ಕೆರೆನೇ?"

ಪಟಾಲಮ್ಮ ಅಷ್ಟು ಕೇಳಿಸಿಕೊಂಡು ಹೊರಟರು. ತಮ್ಮ ಶಾಲೆಯಲ್ಲಿ ಒಲೆ ಹಚ್ಚುವ ಹೊತ್ತಾಗಿತ್ತು.

ಧನುಶ್ರೀ ಮಾರನೆಯ ದಿನವೂ ಹೋದಳು, ಈಗಲೂ ಹೋಗುತ್ತಿದ್ದಾಳೆ. ಮಂಜಮ್ಮ ಕೈಮುಗಿಯಲು ಬಂದರೆ ಪಟಾಲಮ್ಮ ಗದರಿದರು: "ನಂಗ್ಯಾಕೆ? ಬಿಸಿಲಲ್ಲಿ ಮಣ್ಣು ಹೊತ್ತು, ಉಂಡು ಮಲಗೋ ಹೊತ್ನಾಗೆ ನಿನ್ ಮಗಳ ಜೊತೆ ಆಡಿದ್ರಲ್ಲ, ಅವ್ರಿಗೆ ಹೇಳೋಗು."

ವಾರಕ್ಕೊಮ್ಮೆ ಸಿಗುವ ಭಾನುವಾರದ ನಿದ್ದೆ ಬಿಟ್ಟು ಮಂಜಮ್ಮ ಆ ಹೆಂಗಸರ ಒಬ್ಬೊಬ್ಬರ ಮನೆಗೂ ಹೋಗಿ ಕೈಮುಗಿದು ಬಂದಳು. ಫ್ಯಾನಿನಡಿ ಕೂತ ಇಲಾಖೆಯವರ ಮನೆಗೆ ಹೋಗುವ ಅಗತ್ಯ ಬೀಳಲಿಲ್ಲ.